ಡ್ರೈವ್ ಕೊಳ್ಳುವ ಮೊದಲು ನೀರಿನ ಲೆಕ್ಕ

ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತಿದ್ದ ಪೆರಿಯಾರ್ ನೀರನ್ನು 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟೆ ತಡೆದು, ಬೆಟ್ಟ ಕೊರೆದ ಸುರಂಗದ ಮೂಲಕ ಪೂರ್ವಕ್ಕೆ, ತಮಿಳುನಾಡಿನ ಕಂಬಂ ಕಣಿವೆಗೆ ತಿರುಗಿಸಿತು. ಆ ನೀರು ಲೋಯರ್ ಕ್ಯಾಂಪ್‌ನ ವಿದ್ಯುದಾಗಾರದಲ್ಲಿ ಟರ್ಬೈನು ತಿರುಗಿಸಿ, ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರುಗಳನ್ನು ದಾಟಿ ವೈಗೈ ಕಡೆಗೆ ಇಳಿಯುತ್ತದೆ. ಕಾಲುವೆಯ ಕೆಳಗಿನ ಭತ್ತದ ಗದ್ದೆಗೆ ನೀರು ತಾನಾಗಿ ಬರುತ್ತದೆ. ಕಾಲುವೆಗಿಂತ ಎತ್ತರದಲ್ಲಿರುವ ದ್ರಾಕ್ಷಿ, ತೆಂಗು, ಬಾಳೆ ತೋಟಗಳಿಗೆ ಹಾಗಲ್ಲ. ಅಲ್ಲಿಗೆ ಬಾವಿ, ಬೋರ್‌ವೆಲ್, ನದಿಪಕ್ಕದಿಂದ ಎಳೆದ ಪೈಪ್‌ಲೈನುಗಳೇ ಗತಿ. 2023ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಂಬಂ ಪನ್ನೀರ್ ದ್ರಾಕ್ಷಿಯ ಹಿಂದೆಯೂ, ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಇಲ್ಲಿನ ಒಕ್ಕಲಿಗ ಕಾಪಿಲಿಯರ ತೋಟಗಳ ಹಿಂದೆಯೂ ಒಂದಲ್ಲ ಒಂದು ಮೋಟಾರು ಇದೆ. ಕಣಿವೆ ದಾಟಿ ತೇನಿ, ಆಂಡಿಪಟ್ಟಿ, ದಿಂಡಿಗಲ್ ಕಡೆ ಹೋದರೆ ನೂಲಿನ ಗಿರಣಿ, ಸಕ್ಕರೆ ಕಾರ್ಖಾನೆ, ಚರ್ಮ ಹದ ಮಾಡುವ ಘಟಕಗಳು. ಅಲ್ಲೆಲ್ಲ ಪಂಪು ಸುತ್ತುವುದು ಹಗಲಿರುಳು. ಪಂಪು ಮಾಡುವ ಕೆಲಸದ ಎಲ್ಲ ಬಗೆಗಳೂ ಹತ್ತಾರು ಮೈಲಿಗಳೊಳಗೆ ಸಿಗುವುದರಿಂದ, ಈಗ ಎಲ್ಲೆಡೆ ಮಾರಾಟಕ್ಕೆ ಬರುತ್ತಿರುವ ವೇಗ ಬದಲಿಸುವ ಡ್ರೈವ್‌ಗಳ ಬಗ್ಗೆ ಯೋಚಿಸಲು ಇದು ತಕ್ಕ ಸ್ಥಳ.

ವಿಎಫ್‌ಡಿ ಎಂದು ಕರೆಯುವ ಈ ಪೆಟ್ಟಿಗೆ ಮಾಡುವ ಕೆಲಸ ಸರಳ. ಬರುವ 50 ಹರ್ಟ್ಸ್ ಮೂರು ಫೇಸ್ ಕರೆಂಟನ್ನು ಮೊದಲು ಡಿಸಿ ಮಾಡಿ, ಮತ್ತೆ ಬೇಕಾದ ಹರ್ಟ್ಸ್‌ನ ಎಸಿಯಾಗಿ ಮೋಟಾರಿಗೆ ಕೊಡುತ್ತದೆ. ಹರ್ಟ್ಸ್ ಇಳಿದಂತೆ ಮೋಟಾರಿನ ವೇಗ ಇಳಿಯುತ್ತದೆ. ವೇಗ ಇಳಿಸಿದರೆ ಬಿಲ್ ಅರ್ಧಕ್ಕರ್ಧ ಇಳಿಯುತ್ತದೆ ಎಂಬುದು ಮಾರುವವರ ಮಾತು. ಈ ಮಾತು ಕೆಲವು ಪಂಪುಗಳಿಗೆ ನಿಜ, ಕೆಲವಕ್ಕೆ ಸುಳ್ಳು. ಯಾವುದಕ್ಕೆ ನಿಜ ಎಂಬುದನ್ನು ತೀರ್ಮಾನಿಸುವುದು ಡ್ರೈವೂ ಅಲ್ಲ, ಮೋಟಾರೂ ಅಲ್ಲ. ನೀರು ಎದುರಿಸುವ ಪೈಪು ಮತ್ತು ಎತ್ತರ. ಎಲ್ಲಿ ಕರೆಂಟು ಪೋಲಾಗುತ್ತಿದೆಯೋ ಅಲ್ಲಿ ಡ್ರೈವ್ ಆ ಪೋಲನ್ನು ತಡೆಯುತ್ತದೆ. ಪೋಲೇ ಇಲ್ಲದ ಕಡೆ ಅದು ತನ್ನ ಸ್ವಂತ ಖರ್ಚಿಗೆಂದು ನೂರಕ್ಕೆ ಮೂರು ಪಾಲು ಕರೆಂಟು ತಿನ್ನುವ ಇನ್ನೊಂದು ಯಂತ್ರ, ಅಷ್ಟೇ. ಆದ್ದರಿಂದ ಖರೀದಿಯ ಮೊದಲ ಹೆಜ್ಜೆ ನೀರಿನ ಲೆಕ್ಕ.

ಎರಡು ಬಗೆಯ ಭಾರ

ಪಂಪಿಗೆ ಎದುರಾಗುವ ಭಾರವನ್ನು ಕಸುಬಿನವರು ಹೆಡ್ ಎನ್ನುತ್ತಾರೆ, ಮೀಟರಿನಲ್ಲಿ ಅಳೆಯುತ್ತಾರೆ. ಅದರಲ್ಲಿ ಎರಡು ಪಾಲು. ಮೊದಲನೆಯದು ಎತ್ತರದ ಹೆಡ್: ಬೋರ್‌ವೆಲ್‌ನಲ್ಲಿ ನೀರು ನಿಂತ ಮಟ್ಟದಿಂದ ತೊಟ್ಟಿಯ ಬಾಯಿಯವರೆಗಿನ ಅಂತರ. ಎರಡನೆಯದು ತಿಕ್ಕಾಟದ ಹೆಡ್: ನೀರು ಪೈಪು, ಬೆಂಡು, ವಾಲ್ವ್, ಫಿಲ್ಟರುಗಳ ಮೂಲಕ ಹಾದುಹೋಗುವಾಗ ಕಳೆದುಕೊಳ್ಳುವ ಒತ್ತಡ. ಇವೆರಡರ ಸ್ವಭಾವ ಬೇರೆ ಬೇರೆ. ಹರಿವು ಅರ್ಧಕ್ಕಿಳಿದರೆ ತಿಕ್ಕಾಟದ ಹೆಡ್ ಕಾಲು ಭಾಗಕ್ಕೆ ಇಳಿಯುತ್ತದೆ. ಎತ್ತರದ ಹೆಡ್ ಒಂದಿಂಚೂ ಇಳಿಯುವುದಿಲ್ಲ. ಸೇದುವ ಬಾವಿಯಲ್ಲಿ ಹಗ್ಗವನ್ನು ನಿಧಾನಕ್ಕೆ ಎಳೆದರೂ ಬೇಗ ಎಳೆದರೂ ಕೊಡ ಬರಬೇಕಾದ ಎತ್ತರ ಅಷ್ಟೇ ತಾನೆ? ಡ್ರೈವ್‌ನ ಉಳಿತಾಯದ ಗುಟ್ಟೆಲ್ಲ ಈ ವ್ಯತ್ಯಾಸದಲ್ಲಿದೆ.

ಒಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಕಿಲೋಲೀಟರ್ ನೀರನ್ನು 40 ಮೀಟರ್ ಹೆಡ್‌ಗೆ ಎತ್ತಲು ನೀರಿಗೇ ಬೇಕಾದ ಶಕ್ತಿ 10.9 ಕಿಲೋವ್ಯಾಟ್. ಪಂಪಿನ ದಕ್ಷತೆ ಶೇ. 70, ಮೋಟಾರಿನದು ಶೇ. 92 ಎಂದಿಟ್ಟುಕೊಂಡರೆ ಮೀಟರಿನಲ್ಲಿ ಕಾಣುವುದು ಸುಮಾರು 17 ಕಿಲೋವ್ಯಾಟ್. ಹರಿವು ಪೂರ್ತಿ ನಿಂತಾಗ ಈ ಪಂಪು 50 ಮೀಟರ್ ಒತ್ತಡ ಕೊಡುತ್ತದೆ ಎನ್ನಿ. ಈಗ ಗಂಟೆಗೆ 80 ಕಿಲೋಲೀಟರ್ ಸಾಕು ಎಂದಾಯಿತು. ವಾಲ್ವ್ ತಿರುಗಿಸಿ ಹರಿವು ತಗ್ಗಿಸಿದರೆ ಪಂಪು ಅದೇ ವೇಗದಲ್ಲಿ ಸುತ್ತುತ್ತ 43.6 ಮೀಟರ್ ಒತ್ತಡ ಹುಟ್ಟಿಸುತ್ತದೆ, ನೀರಿನ ಶಕ್ತಿ 9.5 ಕಿಲೋವ್ಯಾಟ್. ಅದರಲ್ಲಿ ಒಂದು ಪಾಲು ವಾಲ್ವ್‌ನಲ್ಲೇ ಕರಗಿ ಹೋಗುತ್ತದೆ. ವಾಲ್ವ್ ಪೂರ್ತಿ ತೆರೆದು ಡ್ರೈವ್‌ನಿಂದ ವೇಗ ಇಳಿಸಿದರೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಹೆಡ್ ಎಲ್ಲವೂ ತಿಕ್ಕಾಟದ್ದೇ ಆಗಿದ್ದರೆ 80 ಕಿಲೋಲೀಟರಿಗೆ ಬೇಕಾದದ್ದು 25.6 ಮೀಟರ್. ಮೋಟಾರು 40 ಹರ್ಟ್ಸ್‌ನಲ್ಲಿ ಸುತ್ತಿದರೆ ಸಾಕು, ಶಕ್ತಿ 5.6 ಕಿಲೋವ್ಯಾಟ್. ವೇಗದ ಘನಕ್ಕೆ ತಕ್ಕಂತೆ ಶಕ್ತಿ ಇಳಿಯುತ್ತದೆ ಎಂಬ ಪ್ರಸಿದ್ಧ ನಿಯಮ ಇಲ್ಲಿ ಅಕ್ಷರಶಃ ನಡೆಯುತ್ತದೆ. ವರ್ಷಕ್ಕೆ 4,000 ಗಂಟೆ ಹೀಗೆ ಓಡಿದರೆ, ಡ್ರೈವ್ ತಿನ್ನುವ ಕರೆಂಟನ್ನು ಕಳೆದ ಮೇಲೂ, ವಾಲ್ವ್‌ಗೆ ಹೋಲಿಸಿದಾಗ ಸುಮಾರು 23,000 ಯೂನಿಟ್ ಉಳಿಯುತ್ತದೆ. ಈಗ ಅದೇ ಪಂಪು, ಅದೇ 40 ಮೀಟರ್. ಆದರೆ ಅದರಲ್ಲಿ 32 ಮೀಟರ್ ಎತ್ತರದ್ದು, 8 ಮೀಟರ್ ಮಾತ್ರ ತಿಕ್ಕಾಟದ್ದು. 80 ಕಿಲೋಲೀಟರಿಗೂ 37 ಮೀಟರ್ ಬೇಕೇ ಬೇಕು. ವೇಗ 46-47 ಹರ್ಟ್ಸ್‌ಗಿಂತ ಕೆಳಗೆ ಇಳಿಸುವಂತಿಲ್ಲ. ಶಕ್ತಿ 8.1 ಕಿಲೋವ್ಯಾಟ್. ವಾಲ್ವ್ ಒತ್ತಿ ಓಡಿಸುವುದಕ್ಕಿಂತ ಇದು ಮೇಲು, ನಿಜ. ಆದರೆ ಇಂಥ ಕಡೆ ವಾಲ್ವ್ ಒತ್ತುವ ಅಗತ್ಯವೇ ಇರುವುದಿಲ್ಲ. ಪೂರ್ಣ ವೇಗದಲ್ಲಿ ತೊಟ್ಟಿ ತುಂಬಿಸಿ ಮೋಟಾರು ನಿಲ್ಲಿಸಬಹುದು. ಹಾಗೆ ತುಂಬಿಸಿ ನಿಲ್ಲಿಸುವುದಕ್ಕೆ ಹೋಲಿಸಿದರೆ ಅಷ್ಟೇ ನೀರಿಗೆ ವರ್ಷದಲ್ಲಿ ಉಳಿಯುವುದು ಸುಮಾರು 2,400 ಯೂನಿಟ್. ಒಂದೇ ಪಂಪು, ಒಂದೇ ಮೋಟಾರು, ಒಂದೇ ಡ್ರೈವ್. ಉಳಿತಾಯದಲ್ಲಿ ಹತ್ತು ಪಟ್ಟಿನ ಅಂತರ.

ಎರಡನೆಯ ಉದಾಹರಣೆಯಲ್ಲಿ ಇನ್ನೊಂದು ಅಪಾಯವೂ ಇದೆ. 40 ಹರ್ಟ್ಸ್‌ಗೆ ಇಳಿಸಿದರೆ ಪಂಪು ಹುಟ್ಟಿಸುವ ಗರಿಷ್ಠ ಒತ್ತಡ 32 ಮೀಟರಿಗೆ ಇಳಿಯುತ್ತದೆ. ಎತ್ತರವೂ 32 ಮೀಟರ್. ಅಲ್ಲಿಗೆ ಹರಿವು ಸೊನ್ನೆ. ನಾನ್‌ರಿಟರ್ನ್ ವಾಲ್ವ್ ಮುಚ್ಚಿಕೊಳ್ಳುತ್ತದೆ, ಮೋಟಾರು ಸುತ್ತುತ್ತಲೇ ಇರುತ್ತದೆ, ಪಂಪಿನೊಳಗಿನ ನೀರು ಕುದಿಯುವಷ್ಟು ಬಿಸಿಯಾಗಿ ಸೀಲು ಹಾಳಾಗುತ್ತದೆ. ಸೋಲಾರ್ ಪಂಪು ಹಾಕಿಸಿದ ರೈತರಿಗೆ ಇದು ಗೊತ್ತಿರುವ ಸಂಗತಿ. ಸೋಲಾರ್ ಪಂಪಿನ ಕಂಟ್ರೋಲರ್ ಕೂಡ ಒಂದು ಬಗೆಯ ಡ್ರೈವೇ. ಬಿಸಿಲು ಎಷ್ಟೋ ಅಷ್ಟು ವೇಗ. ಎಳೆ ಬಿಸಿಲಿನಲ್ಲಿ ಮೋಟಾರು ಸುತ್ತುವ ಸದ್ದು ಕೇಳುತ್ತದೆ, ಪೈಪಿನಲ್ಲಿ ನೀರು ಬರುವುದಿಲ್ಲ. ವೇಗ ಒಂದು ಮಿತಿ ದಾಟುವವರೆಗೆ ಆಳದ ನೀರು ಮೇಲೇರದು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಕಣಿವೆಯಲ್ಲಿ ಎಲ್ಲಿ ಯಾವ ಲೆಕ್ಕ

ಈ ಅಳತೆಗೋಲು ಹಿಡಿದರೆ ಒಂದೊಂದು ಜಾಗದ ಉತ್ತರ ತಾನಾಗಿ ಸಿಗುತ್ತದೆ. ಆಳದ ಬೋರ್‌ವೆಲ್‌ನಿಂದ ತೊಟ್ಟಿಗೆ ನೀರೆತ್ತುವ ತೋಟದಲ್ಲಿ ಹೆಡ್ ಬಹುಪಾಲು ಎತ್ತರದ್ದು. ಅಲ್ಲಿ ಡ್ರೈವ್‌ಗೆ ಹಾಕುವ ದುಡ್ಡನ್ನು ಆಳಕ್ಕೆ ತಕ್ಕ ಸ್ಟೇಜುಗಳಿರುವ ಪಂಪಿಗೆ ಹಾಕುವುದು ಲೇಸು. ನದಿಪಕ್ಕದ ಬಾವಿಯಿಂದ ದೂರದ ತೋಟಕ್ಕೆ ಪೈಪ್‌ಲೈನ್ ಎಳೆದ ಕಡೆ ತಿಕ್ಕಾಟದ ಪಾಲು ದೊಡ್ಡದು. ಆದರೆ ಅದಕ್ಕೂ ಮೊದಲ ಮದ್ದು ಡ್ರೈವ್ ಅಲ್ಲ, ಪೈಪು. ತಿಕ್ಕಾಟ ಹೆಚ್ಚುಕಡಿಮೆ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. 4 ಇಂಚಿನ ಪೈಪಿನ ಬದಲು 5 ಇಂಚಿನದು ಹಾಕಿದರೆ ಅಷ್ಟೇ ನೀರಿಗೆ ತಿಕ್ಕಾಟ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅದೂ ಪೈಪು ಇರುವಷ್ಟು ವರ್ಷ, ರಿಪೇರಿಯ ಮಾತಿಲ್ಲದೆ. ದ್ರಾಕ್ಷಿ ತೋಟದ ಹನಿ ನೀರಾವರಿಯಲ್ಲಿ ಮಾತ್ರ ಡ್ರೈವ್‌ಗೆ ನಿಜವಾದ ಕೆಲಸವಿದೆ. ಒಂದು ಬ್ಲಾಕು ಎರಡು ಎಕರೆ, ಇನ್ನೊಂದು ಅರ್ಧ ಎಕರೆ; ವಾಲ್ವ್ ಬದಲಾದಂತೆ ಬೇಕಾದ ಹರಿವೂ ಬದಲಾಗುತ್ತದೆ. ಒತ್ತಡ ಅಳೆಯುವ ಸೆನ್ಸರ್ ನೋಡಿಕೊಂಡು ವೇಗ ಹೊಂದಿಸುವ ಡ್ರೈವ್ ಇದ್ದರೆ ಹೆಚ್ಚುವರಿ ನೀರನ್ನು ಬೈಪಾಸಿನಲ್ಲಿ ಮತ್ತೆ ತೊಟ್ಟಿಗೆ ಬಿಡುವ ಪ್ರಮೇಯ ಬರುವುದಿಲ್ಲ, ಲ್ಯಾಟರಲ್ ಪೈಪುಗಳು ಕಿತ್ತುಕೊಳ್ಳುವುದೂ ಇಲ್ಲ.

ಕಾರ್ಖಾನೆಗಳ ಕಥೆ ಬೇರೆ. ನೀರನ್ನು ಒಂದೇ ಸುತ್ತಿನಲ್ಲಿ ತಿರುಗಿಸುವ ಮುಚ್ಚಿದ ವ್ಯವಸ್ಥೆಯಲ್ಲಿ ಏರಿದ ನೀರು ಮತ್ತೆ ಇಳಿಯುವುದರಿಂದ ಎತ್ತರದ ಹೆಡ್ ಸೊನ್ನೆ. ಕೂಲಿಂಗ್ ಟವರಿಗೆ ನೀರೇರಿಸುವಲ್ಲಿ ಅದು ಕೆಲವೇ ಮೀಟರ್. ಸಕ್ಕರೆ ಕಾರ್ಖಾನೆಯ ಕಂಡೆನ್ಸರ್‌ಗೆ ಹೋಗುವ ತಣ್ಣೀರು, ಬಣ್ಣದ ಘಟಕದ ಸುತ್ತು ಪಂಪು, ಗಿರಣಿಯ ತಂಪು ನೀರಿನ ವ್ಯವಸ್ಥೆ ಎಲ್ಲವೂ ಹೆಚ್ಚಾಗಿ ಈ ಜಾತಿಗೆ ಸೇರಿದವು. ಕಬ್ಬು ಅರೆಯುವ ಪ್ರಮಾಣ, ಹೊರಗಿನ ಸೆಕೆ, ಪಾಳಿಯ ಕೆಲಸ ಬದಲಾದಂತೆ ಬೇಕಾದ ಹರಿವೂ ಬದಲಾಗುತ್ತದೆ. ವಾಲ್ವ್ ಅರ್ಧ ಮುಚ್ಚಿ ವರ್ಷಗಟ್ಟಲೆ ಓಡುತ್ತಿರುವ ಪಂಪು ಇಂಥ ಜಾಗದಲ್ಲಿ ಕಂಡರೆ, ಡ್ರೈವ್ ಹಾಕುವ ಮೊದಲ ಪಂಪು ಅದೇ ಆಗಿರಬೇಕು. ಆದರೆ ಒಂದು ಎಚ್ಚರಿಕೆ: ವಾಲ್ವ್ ಎಂದೂ ಪೂರ್ತಿ ತೆರೆಯದೆ, ಹರಿವು ಎಂದೂ ಬದಲಾಗದೆ ಇದ್ದರೆ ತಪ್ಪು ಇರುವುದು ಪಂಪಿನ ಆಯ್ಕೆಯಲ್ಲಿ. ಆಗ ಇಂಪೆಲ್ಲರ್‌ನ ವ್ಯಾಸವನ್ನು ಲೇತ್‌ನಲ್ಲಿ ತುಸು ಕಡಿಸುವುದು, ಇಲ್ಲವೇ ಸಣ್ಣ ಪಂಪು ಹಾಕುವುದು ಡ್ರೈವ್‌ಗಿಂತ ಅಗ್ಗದ ಪರಿಹಾರ. ಡ್ರೈವ್ ಬೇಕಾಗುವುದು ಬದಲಾಗುವ ಹರಿವಿಗೆ, ಬದಲಾಗದ ತಪ್ಪಿಗಲ್ಲ.

ಊರಿನ ಕುಡಿಯುವ ನೀರಿನ ಯೋಜನೆಗಳೂ ಇದೇ ಪಾಠ ಹೇಳುತ್ತವೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತದ ಪಂಪಿಂಗ್‌ನಿಂದ, ಒಟ್ಟು ಸುಮಾರು 500 ಮೀಟರ್ ಹೆಡ್ ಎದುರಿಸಿ. ಯಾವ ನಷ್ಟವೂ ಇಲ್ಲದ ಆದರ್ಶ ಯಂತ್ರ ಇದ್ದರೂ ಒಂದು ಕಿಲೋಲೀಟರಿಗೆ 1.36 ಯೂನಿಟ್ ಬೇಕು. ಭೌತಶಾಸ್ತ್ರ ಕೇಳುವ ಈ ತೆರಿಗೆಯನ್ನು ಯಾವ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಮನ್ನಾ ಮಾಡಲಾರದು. ಲೋಯರ್ ಕ್ಯಾಂಪ್‌ನಿಂದ ಮದುರೈಗೆ ನೀರು ಒಯ್ಯುವ ಯೋಜನೆಯನ್ನು ಇಳಿಜಾರಿನ ಬಲ ನಂಬಿ ರೂಪಿಸಿದ್ದರ ಅರ್ಥ ಇಲ್ಲಿದೆ: ಎತ್ತದೆ ಇರುವ ನೀರೇ ಎಲ್ಲಕ್ಕಿಂತ ಅಗ್ಗದ ನೀರು.

ಮೋಟಾರಿನ ಮಾತು

ಪಂಪು, ಪೈಪಿನ ಲೆಕ್ಕ ಮುಗಿದ ಮೇಲೆ ಮೋಟಾರು. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಕೊಯಮತ್ತೂರಿನಲ್ಲಿ ದೇಶೀ ಮೋಟಾರು ತಯಾರಿಸಿದಂದಿನಿಂದ ಆ ಊರು ದಕ್ಷಿಣ ಭಾರತಕ್ಕೆಲ್ಲ ಪಂಪು-ಮೋಟಾರಿನ ತವರು. ತೇನಿಯ ಅಂಗಡಿಯಲ್ಲೂ ಹುಬ್ಬಳ್ಳಿಯ ಅಂಗಡಿಯಲ್ಲೂ ಕೊಯಮತ್ತೂರಿನ ಮಾಲು ಸಿಗುತ್ತದೆ. ಮೋಟಾರಿನ ನೇಮ್‌ಪ್ಲೇಟಿನಲ್ಲಿ ಈಗ ಐಇ2, ಐಇ3, ಐಇ4 ಎಂಬ ದರ್ಜೆ ಇರುತ್ತದೆ. 15 ಕಿಲೋವ್ಯಾಟಿನ ನಾಲ್ಕು ಪೋಲ್ ಮೋಟಾರಿಗೆ ಐಇ1 ದರ್ಜೆಯಲ್ಲಿ ದಕ್ಷತೆ ಶೇ. 88.7, ಐಇ3ರಲ್ಲಿ ಶೇ. 92.1, ಐಇ4ರಲ್ಲಿ ಶೇ. 93.9. ಐಇ1ಕ್ಕೂ ಐಇ3ಕ್ಕೂ ಇರುವ ಸುಮಾರು ಮೂರೂವರೆ ಅಂಶದ ವ್ಯತ್ಯಾಸ ಚಿಕ್ಕದೆನಿಸಬಹುದು. ಆದರೆ ಈ ಗಾತ್ರದ ಮೋಟಾರು ವರ್ಷಕ್ಕೆ 6,000 ಗಂಟೆ ಓಡಿದರೆ ಸುಮಾರು ಒಂದು ಲಕ್ಷ ಯೂನಿಟ್ ನುಂಗುತ್ತದೆ. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೂ ಎಂಟು ಲಕ್ಷ. ಮೋಟಾರಿನ ಬೆಲೆ ಅದರ ಮುಂದೆ ಎಷ್ಟರದು? ಐಇ1 ಬದಲು ಐಇ3 ಹಾಕಿದರೆ ವರ್ಷಕ್ಕೆ ಸುಮಾರು 3,700 ಯೂನಿಟ್ ಉಳಿಯಬೇಕು.

ಉಳಿಯಬೇಕು ಎನ್ನುವುದಕ್ಕೆ ಕಾರಣವಿದೆ. ದಕ್ಷ ಮೋಟಾರು ಸಾಮಾನ್ಯವಾಗಿ ತುಸು ಬೇಗ ಸುತ್ತುತ್ತದೆ. ಹಳೆಯದು ನಿಮಿಷಕ್ಕೆ 1,450 ಸುತ್ತು, ಹೊಸದು 1,470 ಸುತ್ತು ಎಂದಾದರೆ ತಿಕ್ಕಾಟವೇ ಹೆಚ್ಚಿರುವ ವ್ಯವಸ್ಥೆಯಲ್ಲಿ ಪಂಪು ಕೇಳುವ ಶಕ್ತಿ ಶೇ. 4ರಷ್ಟು ಏರುತ್ತದೆ. ದಕ್ಷತೆಯಿಂದ ಬಂದ ಲಾಭವೆಲ್ಲ ಅಲ್ಲಿಗೆ ಮುಗಿಯಿತು. ನೀರೇನೋ ಹೆಚ್ಚು ಬರುತ್ತದೆ, ಆದರೆ ಆ ನೀರು ಬೇಕಿತ್ತೇ? ಹೊಸ ಮೋಟಾರು ಹಾಕಿಯೂ ಬಿಲ್ ಇಳಿಯಲಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಇಂಪೆಲ್ಲರ್ ಕಡಿಸುವುದೋ, ಡ್ರೈವ್‌ನಲ್ಲಿ ಒಂದು ಹರ್ಟ್ಸ್ ಇಳಿಸುವುದೋ ಮಾಡಿದಾಗ ಮಾತ್ರ ಲಾಭ ಕೈಗೆ ಸಿಗುತ್ತದೆ. ಸುಟ್ಟ ಮೋಟಾರನ್ನು ಮತ್ತೆ ಮತ್ತೆ ರೀವೈಂಡಿಂಗ್ ಮಾಡಿಸುವ ಅಭ್ಯಾಸಕ್ಕೂ ಒಂದು ಮಿತಿ ಬೇಕು. ಹಳೆಯ ವೈಂಡಿಂಗನ್ನು ಬೆಂಕಿಯಲ್ಲಿ ಅತಿಯಾಗಿ ಸುಟ್ಟು ತೆಗೆದರೆ ಒಳಗಿನ ಉಕ್ಕಿನ ತಗಡುಗಳ ನಡುವಿನ ಲೇಪ ಹಾಳಾಗಿ ಮೋಟಾರು ಸದಾ ಬಿಸಿಯಾಗಿ ಓಡುತ್ತದೆ.

ಡ್ರೈವ್ ಕೂರಿಸುವಾಗ

ಲೆಕ್ಕ ಹಾಕಿ ಡ್ರೈವ್ ಬೇಕೆಂದೇ ತೀರ್ಮಾನವಾದರೆ ಕೆಲವು ವಿಷಯಗಳಲ್ಲಿ ರಾಜಿ ಮಾಡಿಕೊಳ್ಳಬಾರದು. ಡ್ರೈವನ್ನು ಎಚ್‌ಪಿ ನೋಡಿ ಕೊಳ್ಳಬೇಡಿ, ಮೋಟಾರಿನ ಆಂಪಿಯರ್ ನೋಡಿ ಕೊಳ್ಳಿ. ಸಬ್‌ಮರ್ಸಿಬಲ್ ಮೋಟಾರು ಅದೇ ಎಚ್‌ಪಿಯ ಮೇಲಿನ ಮೋಟಾರಿಗಿಂತ ಹೆಚ್ಚು ಆಂಪಿಯರ್ ಎಳೆಯುತ್ತದೆ. ಪವರ್ ಫ್ಯಾಕ್ಟರ್‌ಗೆಂದು ಮೋಟಾರಿನ ಬಾಯಲ್ಲಿ ಕಟ್ಟಿದ ಕೆಪಾಸಿಟರನ್ನು ಬಿಚ್ಚಿಹಾಕಿ. ಡ್ರೈವ್ ಮತ್ತು ಮೋಟಾರಿನ ನಡುವೆ ಅದು ಉಳಿದರೆ ಎರಡರಲ್ಲಿ ಒಂದು ಸುಡುವುದು ಖಚಿತ. ಡ್ರೈವ್‌ನಿಂದ ಹೊರಡುವ ಕರೆಂಟು ಚೂಪಾದ ತುಂಡುಗಳಾಗಿ ಬರುತ್ತದೆ. ಕೇಬಲ್ ಉದ್ದವಾದರೆ ಮೋಟಾರಿನ ಬಳಿ ವೋಲ್ಟೇಜ್ ಹೆಚ್ಚುಕಡಿಮೆ ಇಮ್ಮಡಿಯಾಗಿ ಚಿಮ್ಮಿ ಇನ್ಸುಲೇಷನ್ ಸೀಳುತ್ತದೆ. ಆಳದ ಬೋರ್‌ವೆಲ್ ಎಂದರೆ ಉದ್ದದ ಕೇಬಲ್ ಎಂದೇ ಅರ್ಥ, ಆದ್ದರಿಂದ ಅಲ್ಲಿ ಔಟ್‌ಪುಟ್ ಫಿಲ್ಟರ್ ಇಲ್ಲದ ಡ್ರೈವ್ ಹಾಕಿಸಬಾರದು. ಸಬ್‌ಮರ್ಸಿಬಲ್‌ನ ಥ್ರಸ್ಟ್ ಬೇರಿಂಗಿಗೆ ನೀರಿನ ಪದರ ಬೇಕು. ಅದನ್ನು 30 ಹರ್ಟ್ಸ್‌ಗಿಂತ ಕೆಳಗೆ ಓಡಿಸುವಂತಿಲ್ಲ, ಆ ವೇಗಕ್ಕೆ ಸುಮಾರು ಒಂದು ಸೆಕೆಂಡಿನಲ್ಲೇ ಏರಿಸಬೇಕು. ಕನಿಷ್ಠ ಹರ್ಟ್ಸ್ ಎಷ್ಟು ಎಂಬುದನ್ನು ಎತ್ತರದ ಹೆಡ್ ನೋಡಿ ಲೆಕ್ಕ ಹಾಕಿ ಡ್ರೈವ್‌ನಲ್ಲೇ ಬೀಗ ಹಾಕಿಸಿ. ಕಾರ್ಖಾನೆಯಲ್ಲಿ ಹಲವು ಡ್ರೈವ್‌ಗಳಿದ್ದರೆ ಅವು ಲೈನಿಗೆ ಹಾರ್ಮೋನಿಕ್ಸ್ ಎಂಬ ಕೊಳೆಯನ್ನು ಬಿಡುತ್ತವೆ. ಮಿತಿ ಮೀರಿದರೆ ಎಚ್‌ಟಿ (ಹೈ ಟೆನ್ಷನ್) ಗ್ರಾಹಕರ ಮೇಲೆ ದಂಡ ಬೀಳುತ್ತದೆ. ಚೋಕ್ ಇರುವ ಡ್ರೈವ್‌ನ್ನೇ ಕೇಳಿ ತರಿಸುವುದು ಮುಂದಿನ ಜಗಳಕ್ಕಿಂತ ಸುಲಭ.

ಹಳ್ಳಿಯ ವೋಲ್ಟೇಜು, ಬೇಸಿಗೆಯ ಕಾವು, ಪಂಪ್‌ಹೌಸಿನ ಧೂಳು, ಪ್ಯಾನೆಲ್ ಒಳಗೆ ನುಗ್ಗುವ ಹಲ್ಲಿ ಇವುಗಳ ನಡುವೆ ಎಲೆಕ್ಟ್ರಾನಿಕ್ ಸಾಮಾನು ಬಾಳುತ್ತದೆಯೇ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಸೆಕೆ ಏರಿದಂತೆ ಡ್ರೈವ್‌ನ ಸಾಮರ್ಥ್ಯ ಇಳಿಯುತ್ತದೆ; ತಗಡಿನ ಶೆಡ್ಡಿನಲ್ಲಿ ಕೂರಿಸುವುದಾದರೆ ಒಂದು ಸೈಜ್ ದೊಡ್ಡದು ಬೇಕು, ಗಾಳಿಯ ದಾರಿ ಬೇಕು, ಪ್ಯಾನೆಲ್‌ನ ತೂತುಗಳಿಗೆ ಜಾಲರಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಡ್ರೈವ್ ಕೆಟ್ಟ ದಿನ ನೀರು ನಿಲ್ಲದಂತೆ ಹಳೆಯ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ಬೈಪಾಸಾಗಿ ಉಳಿಸಿಕೊಳ್ಳಬೇಕು. ಇದಕ್ಕೆಲ್ಲ ಆಗುವ ಖರ್ಚನ್ನು ಸೇರಿಸಿಕೊಂಡೂ ಲಾಭ ಕಾಣುವ ಕಡೆ ಮಾತ್ರ ಡ್ರೈವ್ ಸರಿ.

ಇನ್ನೊಂದು ವಾದವಿದೆ: ಕರೆಂಟು ಉಳಿಯದಿದ್ದರೂ ಮೋಟಾರು ಮೆಲ್ಲಗೆ ಹೊರಡುತ್ತದೆ, ನಿಲ್ಲಿಸುವಾಗ ಪೈಪಿನಲ್ಲಿ ಹೊಡೆತ ಬೀಳುವುದಿಲ್ಲ, ಪವರ್ ಫ್ಯಾಕ್ಟರ್ ಸುಧಾರಿಸುತ್ತದೆ, ಆದ್ದರಿಂದ ಹಾಕಿಬಿಡುವುದೇ ಒಳ್ಳೆಯದು. ಈ ಲಾಭಗಳು ನಿಜವೇ. ಆದರೆ ಮೊದಲ ಎರಡನ್ನು ಸಾಫ್ಟ್ ಸ್ಟಾರ್ಟರ್ ಕಡಿಮೆ ಬೆಲೆಗೆ ಕೊಡುತ್ತದೆ. ಮೂರನೆಯದನ್ನು ಗಿರಣಿಯ ಕೆಪಾಸಿಟರ್ ಬ್ಯಾಂಕ್ ಆಗಲೇ ಕೊಟ್ಟಿರುತ್ತದೆ, ಅದನ್ನೇ ಎರಡನೇ ಸಲ ಲಾಭವೆಂದು ಎಣಿಸುವಂತಿಲ್ಲ. ತಮಿಳುನಾಡಿನಲ್ಲಿ ಬೇಸಾಯಕ್ಕೆ ಕರೆಂಟು ಉಚಿತ, ರೈತನಿಗೇಕೆ ಈ ಲೆಕ್ಕ ಎಂದೂ ಕೇಳಬಹುದು. ಬಿಲ್ ಬರದಿರಬಹುದು, ಆದರೆ ದೊಡ್ಡ ಮೋಟಾರುಗಳೆಲ್ಲ ಒಟ್ಟಿಗೆ ಎಳೆದಾಗ ಟ್ರಾನ್ಸ್‌ಫಾರ್ಮರ್ ಕುಸಿಯುತ್ತದೆ, ವೋಲ್ಟೇಜು ಇಳಿಯುತ್ತದೆ, ವೈಂಡಿಂಗ್ ಸುಡುತ್ತದೆ. ರೀವೈಂಡಿಂಗ್ ಖರ್ಚನ್ನು ಸರ್ಕಾರ ಕೊಡುವುದಿಲ್ಲ. ಮೂರು ಫೇಸ್ ಸಿಗುವ ಹೊತ್ತಿನಲ್ಲಿ ಹೆಚ್ಚು ನೀರು ಬರಬೇಕೆಂದರೂ ಸರಿಯಾದ ಪಂಪು, ಅಗಲದ ಪೈಪೇ ಬೇಕು.

ಹೀಗಾಗಿ ಕ್ರಮ ಹೀಗಿರಲಿ. ಒಂದು ವಾರ ಕಾಲ ಗಂಟೆಗೊಮ್ಮೆ ಹರಿವು, ಪಂಪಿನ ಎರಡೂ ಬದಿಯ ಒತ್ತಡ, ಮೋಟಾರಿನ ಕಿಲೋವ್ಯಾಟ್ ಬರೆದಿಡಿ. ಪೈಪಿಗೆ ಹೊರಗಿನಿಂದಲೇ ಕಟ್ಟುವ ಅಲ್ಟ್ರಾಸಾನಿಕ್ ಮೀಟರನ್ನು ಎನರ್ಜಿ ಆಡಿಟ್ ಮಾಡುವವರು ತರುತ್ತಾರೆ. ಎತ್ತರದ ಪಾಲು ಎಷ್ಟು, ತಿಕ್ಕಾಟದ ಪಾಲು ಎಷ್ಟು ಎಂದು ಬೇರ್ಪಡಿಸಿ. ಸೋರಿಕೆ, ಕಟ್ಟಿಕೊಂಡ ಫಿಲ್ಟರ್, ಸಣ್ಣ ಪೈಪು ಮೊದಲು ಸರಿಯಾಗಲಿ. ಆಮೇಲೆ ಪಂಪಿನ ಗಾತ್ರ, ಆಮೇಲೆ ಮೋಟಾರಿನ ದರ್ಜೆ. ತಿಕ್ಕಾಟವೂ ಹೆಚ್ಚಿದ್ದು, ಹರಿವೂ ದಿನವಿಡೀ ಬದಲಾಗುತ್ತಿದ್ದರೆ ಡ್ರೈವ್‌ಗೆ ಕೊಟೇಶನ್ ಕೇಳಿ. ಕೊಟೇಶನ್‌ನಲ್ಲಿ ಶೇಕಡಾವಾರು ಉಳಿತಾಯದ ಭರವಸೆಯನ್ನು ಒಪ್ಪಬೇಡಿ. ಯಾವ ವೇಗಕ್ಕೆ ಹೋಲಿಸಿದ ಶೇಕಡಾ, ಎಷ್ಟು ನೀರಿಗೆ ಎಂಬುದು ಅದರಲ್ಲಿ ಇರುವುದೇ ಇಲ್ಲ. ಈಗ ಒಂದು ಕಿಲೋಲೀಟರ್ ನೀರಿಗೆ ಎಷ್ಟು ಯೂನಿಟ್ ಹೋಗುತ್ತಿದೆ, ಡ್ರೈವ್ ಹಾಕಿದ ಮೇಲೆ ಎಷ್ಟು ಹೋಗಬೇಕು ಎಂಬ ಎರಡು ಅಂಕಿಗಳನ್ನು ಬರೆಸಿಕೊಳ್ಳಿ, ಹಣದ ಕೊನೆಯ ಕಂತನ್ನು ಎರಡನೆಯ ಅಂಕಿಗೆ ಕಟ್ಟಿಹಾಕಿ. ತನ್ನ ಮಾಲಿನ ಮೇಲೆ ನಂಬಿಕೆ ಇರುವ ಮಾರಾಟಗಾರ ಆ ಷರತ್ತಿಗೆ ಸಹಿ ಹಾಕುತ್ತಾನೆ. ಹಾಕದವನ ಡ್ರೈವ್ ನಿಮ್ಮ ಪಂಪಿಗೆ ಬೇಡ.